ನಿಮಗಿದು ಗೊತ್ತೇ? ಪೌರತ್ವದ ತಕರಾರು ಕೊಪ್ಪಳದ ಮಗ್ಗುಲಲ್ಲೇ ಇದೆ!

ದಾಖಲೆಯಿಲ್ಲದ ವಲಸಿಗರ ವಿಚಾರ ಅಸ್ಸಾಂ, ಬಂಗಾಳಕ್ಕಷ್ಟೇ ಸೇರಿದ್ದಲ್ಲ. ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜೊತೆ ರಾಯಚೂರು ಜಿಲ್ಲೆಯ ಸಿಂಧನೂರೂ ಇದೆ. ಅಲ್ಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನ (ಇಂದಿನ ಬಾಂಗ್ಲಾದೇಶ) ಬಿಟ್ಟು ಬಂದ ಹಿಂದೂ ಕುಟುಂಬಗಳು ಅರ್ಧ ಶತಮಾನದಿಂದ ನೆಲೆಸಿವೆ. ಸರ್ಕಾರವೇ ಜಮೀನು ಕೊಟ್ಟು ನೆಲೆ ಮಾಡಿಸಿದ ಜನ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ನವರಾತ್ರಿಗೆ ದುರ್ಗಾಪೂಜೆ.

ಯಾರು ಪ್ರಜೆ ಎಂದು ತೀರ್ಮಾನಿಸುವುದು 1955ರ ಪೌರತ್ವ ಕಾಯ್ದೆ ಮತ್ತು ಅದರ ತಿದ್ದುಪಡಿಗಳು.

ಒಂದೇ ಮನೆಯ ಅಕ್ಕ ಭಾರತೀಯಳು, ತಮ್ಮ ಅಲ್ಲ: ಇದು ಸಾಧ್ಯ! 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದ್ದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗಾದರೆ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ತಂದೆ ತಾಯಿ ಇಬ್ಬರೂ ಪ್ರಜೆಗಳಲ್ಲದ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಪಾರಾದಳು, 1988ರ ತಮ್ಮ ಸಿಕ್ಕಿಬಿದ್ದ. ಮಕ್ಕಳು ಮಾಡಿದ ತಪ್ಪಾದರೂ ಏನು?

2004ರಿಂದ ಜಾರಿಯಾದ ಈ ಬಿಗಿ ತಿದ್ದುಪಡಿ 2003ರ ಡಿಸೆಂಬರಿನಲ್ಲಿ ರಾಜ್ಯಸಭೆಗೆ ಬಂದಾಗ, ಬಾಂಗ್ಲಾದ ನಿರಾಶ್ರಿತ ಅಲ್ಪಸಂಖ್ಯಾತರ ವಿಷಯದಲ್ಲಿ ಉದಾರವಾಗಿರಿ ಎಂದು ಕೇಳಿದವರು ಆಗಿನ ವಿರೋಧ ಪಕ್ಷದ ನಾಯಕ ಮನಮೋಹನ್ ಸಿಂಗ್. ಆಗ ಗೃಹಖಾತೆ ಎಲ್.ಕೆ. ಅಡ್ವಾಣಿಯವರ ಬಳಿ ಇತ್ತು.

2019ರಲ್ಲಿ ಪೌರತ್ವ ತಿದ್ದುಪಡಿ ಮಸೂದೆಗೆ ಲೋಕಸಭೆಯಲ್ಲಿ ಬಿದ್ದ ಮತ 311, ವಿರುದ್ಧ 80. ರಾಜ್ಯಸಭೆಯಲ್ಲಿ 125, ವಿರುದ್ಧ 105. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರಿಗೆ ಮಾತ್ರ ದಾರಿ ತೆರೆಯಿತು. ಮುಸ್ಲಿಮರು ಹೊರಗೆ, ಶ್ರೀಲಂಕಾದ ತಮಿಳರು, ಬೈಲಕುಪ್ಪೆ ಮುಂಡಗೋಡಗಳ ಟಿಬೆಟನ್ನರೂ ಹೊರಗೆ. ಧರ್ಮ ನೋಡಿ ಪೌರತ್ವ ಕೊಡುವುದು ಸಂವಿಧಾನದ ಸಮಾನತೆಯ 14ನೇ ವಿಧಿಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೇಳಲೇಬೇಕಾದ ಪ್ರಶ್ನೆಯೇ ಅದು.

ನಿಯಮಗಳು ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತು: 2024ರ ಮಾರ್ಚ್ 11. ಅದೇ ವರ್ಷ ಸಿಂಧನೂರು ಕ್ಯಾಂಪಿನ ಕೆಲವರ ಕೈಗೆ ಪೌರತ್ವ ಪತ್ರ ಸಿಕ್ಕಿತು.

ಈ ನಿಯಮಗಳಡಿ ಅರ್ಜಿದಾರರಿಗೆ ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು. ಕನ್ನಡ ಸಾಕು. ಕಷ್ಟ ಇರುವುದು ಮೂಲದೇಶದ ದಾಖಲೆಯಲ್ಲಿ. ಜೀವ ಉಳಿಸಿಕೊಂಡು ಓಡಿ ಬಂದವರು ಕಾಗದ ಎಲ್ಲಿಂದ ತಂದಾರು? ಆದರೂ ಒಂದು ಅನುಕೂಲವಿದೆ: ಅಪ್ಪ, ಅಜ್ಜ, ಮುತ್ತಜ್ಜ ಆ ದೇಶದವರೆಂದು ತೋರಿಸುವ ಕಾಗದವೂ ನಡೆಯುತ್ತದೆ, ಅವಧಿ ಮುಗಿದಿದ್ದರೂ ಸರಿ.

ಕ್ಯಾಂಪಿನಲ್ಲಿ ಪರಿಚಯದವರಿದ್ದರೆ ಇಷ್ಟು ಹೇಳಿ: ಟ್ರಂಕಿನ ತಳದಲ್ಲಿರುವ ಯಾವ ಹಳೆಯ ಕಾಗದವನ್ನೂ ಬಿಸಾಡಬೇಡಿ.