ಡಿ'ಸೋಜ ಹೆಸರೆಂದರೆ ಡೇಟಾಬೇಸ್‌ಗೆ ಮುನಿಸೇಕೆ?

ಮಂಗಳೂರು ಕಡೆ ಹೋದರೆ ಡಿಸೋಜ, ಡಿಸಿಲ್ವ ಎಂಬ ಮನೆತನದವರು ಎಲ್ಲೆಲ್ಲೂ ಸಿಗುತ್ತಾರೆ. ಕನ್ನಡದಲ್ಲಿ ನಾವು ಸೇರಿಸಿಯೇ ಬರೆಯುತ್ತೇವೆ. ಆದರೆ ಇಂಗ್ಲಿಷ್‌ನಲ್ಲಿ ಬರೆಯುವಾಗ ಅವರಲ್ಲಿ ಬಹಳ ಮಂದಿ ‘ಡಿ’ ಆದ ಮೇಲೆ ಒಂದು ಅಪಾಸ್ಟ್ರಫಿ ಹಾಕುತ್ತಾರೆ: ಡಿ'ಸೋಜ. ತಲೆಯ ಮೇಲಿನ ಈ ಪುಟ್ಟ ಗೀಟು ಕೊಡುವ ಕಾಟ ಅಷ್ಟಿಷ್ಟಲ್ಲ. ನನ್ನ ಹಾಸ್ಟೆಲ್ ಗೆಳೆಯನೊಬ್ಬನ ಆಧಾರ್‌ನಲ್ಲಿ ಅದು ಇದೆ, ಮಾರ್ಕ್ಸ್ ಕಾರ್ಡಿನಲ್ಲಿ ಇಲ್ಲ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಆ ಜಾಗ ಖಾಲಿ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ, ಮೂರೂ ಕಡೆ ಇರುವವನು ತಾನೊಬ್ಬನೇ ಎಂದು ಅವನು ಅಫಿಡವಿಟ್ ಮಾಡಿಸಬೇಕಾಯಿತು!

ಕಾರಣ ನನಗೆ ಅರ್ಥವಾಗಿದ್ದು ಡಿಬಿಎಂಎಸ್ ಲ್ಯಾಬ್‌ನಲ್ಲಿ. ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯುಎಲ್ ಭಾಷೆಯಲ್ಲಿ ಯಾವುದೇ ಪಠ್ಯವನ್ನು ಎರಡು ಅಪಾಸ್ಟ್ರಫಿಗಳ ನಡುವೆ ಇಡಬೇಕು. ಹೆಸರಿನೊಳಗೇ ಇನ್ನೊಂದು ಅಪಾಸ್ಟ್ರಫಿ ಬಂದರೆ? ‘ಡಿ’ಗೇ ಹೆಸರು ಮುಗಿಯಿತು ಎಂದು ಡೇಟಾಬೇಸ್ ತಿಳಿಯುತ್ತದೆ. ಉಳಿದ ‘ಸೋಜ’ವನ್ನು ಆಜ್ಞೆಯ ಭಾಗ ಎಂದು ಓದಲು ಹೋಗಿ ಎರರ್ ಕೊಡುತ್ತದೆ.

ಇದು ಬರೀ ಎರರ್ ಆಗಿದ್ದರೆ ಸರಿ. ಹೆಸರಿನ ಜಾಗದಲ್ಲಿ ಬರೆದದ್ದನ್ನು ಡೇಟಾಬೇಸ್ ಆಜ್ಞೆಯೆಂದು ಓದುತ್ತದೆ ಎಂದಾದರೆ, ಬೇಕೆಂದೇ ಅಲ್ಲಿ ಆಜ್ಞೆ ಬರೆಯುವವರೂ ಇರುತ್ತಾರಲ್ಲ? ಇದನ್ನೇ ಎಸ್‌ಕ್ಯುಎಲ್ ಇಂಜೆಕ್ಷನ್ ಎನ್ನುವುದು. 1998ರಲ್ಲೇ ಜೆಫ್ ಫಾರಿಸ್ಟಲ್ ಎಂಬುವರು ಹ್ಯಾಕರ್‌ಗಳ ‘ಫ್ರ್ಯಾಕ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ಆ ಭಯಕ್ಕೆ ಅನೇಕ ಪ್ರೋಗ್ರಾಮರ್‌ಗಳು ಸುಲಭದ ದಾರಿ ಹಿಡಿದರು: “ವಿಶೇಷ ಚಿಹ್ನೆಗಳನ್ನು ಬಳಸಬೇಡಿ.” ಕಳ್ಳ ಬಂದಾನೆಂದು ನೆಂಟರಿಗೂ ಬಾಗಿಲು ಹಾಕಿದ ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರಿನ ಅಕ್ಷರ ಅದರ ಯಜಮಾನನಿಗೆ ವಿಶೇಷವೇನಲ್ಲವಲ್ಲ.

ಬಾಗಿಲು ಹಾಕುವ ಅಗತ್ಯವೂ ಇಲ್ಲ. ಹೆಸರಿನೊಳಗಿನ ಅಪಾಸ್ಟ್ರಫಿಯನ್ನು ಎರಡು ಸಲ ಬರೆದರೆ ಡೇಟಾಬೇಸ್ ಅದನ್ನು ಒಂದೇ ಎಂದು ಉಳಿಸಿಕೊಳ್ಳುತ್ತದೆ. ಆದರೆ ಪ್ರತಿ ಕಡೆಯೂ ನೆನಪಿಟ್ಟು ಹೀಗೆ ಮಾಡುವುದು ನಂಬುವಂಥ ಕೆಲಸವಲ್ಲ. ಸರಿಯಾದ ದಾರಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಬ್ಯಾಂಕಿನ ಚಲನ್ ನೆನಪಿಸಿಕೊಳ್ಳಿ. ಮುದ್ರಿತ ಭಾಗ ಬೇರೆ, ನಾವು ತುಂಬುವ ಖಾಲಿ ಜಾಗ ಬೇರೆ. ಹೆಸರಿನ ಜಾಗದಲ್ಲಿ ‘ಲಕ್ಷ ರೂಪಾಯಿ ಕೊಡಿ’ ಎಂದು ಬರೆದರೆ ಕ್ಯಾಷಿಯರ್ ಕೊಡುತ್ತಾರೆಯೇ? ಇಲ್ಲೂ ಹಾಗೆಯೇ. ಬೆಲೆ ಬರುವ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಆಜ್ಞೆಯನ್ನು ಮೊದಲು ಕಳಿಸುತ್ತೇವೆ, ಹೆಸರನ್ನು ಆಮೇಲೆ ಪ್ರತ್ಯೇಕವಾಗಿ. ಹೆಸರಿನಲ್ಲಿ ಏನೇ ಇರಲಿ, ಅದು ಹೆಸರಾಗಿಯೇ ಉಳಿಯುತ್ತದೆ. ಜಾವಾ, ಪೈಥಾನ್, ಪಿಎಚ್‌ಪಿ ಎಲ್ಲದರಲ್ಲೂ ಈ ಸೌಲಭ್ಯ ಇದೆ.

ಇನ್ನು ನಮ್ಮೂರು ಮಾಯಕೊಂಡ. ಇದರಲ್ಲಿ ಅಪಾಸ್ಟ್ರಫಿ ಇಲ್ಲ, ಆದರೂ ತಕರಾರು ತಪ್ಪಿಲ್ಲ. ನಮ್ಮ ಕಣ್ಣಿಗೆ ಇದು ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ದೀರ್ಘ, ಒತ್ವ, ಸೊನ್ನೆ ಎಲ್ಲ ಸೇರಿ 7 ಸಂಕೇತ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಅಲ್ಲಿಗೆ 21 ಬೈಟ್. ಒರಾಕಲ್‌ನಲ್ಲಿ ಏನೂ ಹೇಳದೆ ಕಾಲಂನ ಅಳತೆ 20 ಎಂದರೆ ಸಾಮಾನ್ಯವಾಗಿ ಅದು 20 ಬೈಟ್. ಇಂಗ್ಲಿಷ್‌ನಲ್ಲಿ 9 ಬೈಟ್‌ಗೆ ಮುಗಿಯುವ ನಮ್ಮೂರು ಕನ್ನಡದಲ್ಲಿ ಒಂದೇ ಒಂದು ಬೈಟ್‌ನಿಂದ ಹೊರಗೆ!

ಇನ್ನೂ ಒಂದು ಮಜಾ ಇದೆ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್ ಹೋಲಿಸಿ ಹುಡುಕುವ ಡೇಟಾಬೇಸ್‌ಗೆ ಮಾತ್ರ ಎರಡು ಬೇರೆ ಬೇರೆ ಊರು. ಅದಕ್ಕೇ ಸೇರಿಸುವ ಮುನ್ನ ‘ನಾರ್ಮಲೈಸ್’ ಮಾಡಿ ಒಂದೇ ರೂಪಕ್ಕೆ ತರಬೇಕು.

ಹಾಗೆಂದು ಸಿಕ್ಕಿದ್ದನ್ನೆಲ್ಲ ಗುಡಿಸಿ ಹಾಕುವುದೂ ತಪ್ಪು. ರಾಜ್‌ಕುಮಾರ್ ಎಂಬ ಹೆಸರಿನ ‘ಜ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ವಿಶೇಷ ಚಿಹ್ನೆ ಎಂದು ಅದನ್ನು ತೆಗೆದರೆ ಅಣ್ಣಾವ್ರು ‘ರಾಜ್ಕುಮಾರ್’ ಆಗಿಬಿಡುತ್ತಾರೆ.

ಈಗ ನಮ್ಮ ಮಿನಿ ಪ್ರಾಜೆಕ್ಟ್ ತಂಡದಲ್ಲಿ ಹೊಸ ಟೇಬಲ್ ಮಾಡಿದ ಕೂಡಲೇ ಮೊದಲು ತುಂಬಿಸಿ ನೋಡುವುದು ಈ ಮೂರು ಹೆಸರುಗಳನ್ನೇ: ಡಿ'ಸೋಜ, ಮಾಯಕೊಂಡ, ರಾಜ್‌ಕುಮಾರ್.