ಬೇಲು ಎತ್ತುವ ಏತ

ಆದವಾನಿಯ ಜಿನ್ನಿಂಗ್ ಮಿಲ್ಲೊಂದಕ್ಕೆ ಹತ್ತಿ ಹಾಕಲು ಹೋದವನು ಫೋರ್ಕ್‌ಲಿಫ್ಟ್ ನೋಡುತ್ತ ನಿಂತೆ. ಅದರ ಗುಟ್ಟು ನಮ್ಮ ಏತದ್ದೇ: ಮುಂದೆ ಹೊರೆ, ಹಿಂದೆ ಕಬ್ಬಿಣದ ಭಾರ, ಮುಂಗಾಲಿಗಳೇ ಆನಿಕೆ. ಒಂದೂವರೆ ಟನ್ನಿನ ಗಾಡಿ. ಎತ್ತಿದ್ದು 170 ಕಿಲೋದ ಎಂಟೇ ಅರಳೆ ಬೇಲು, 1,360 ಕಿಲೋ. ಆದರೂ ಹಿಂಗಾಲಿ ನೆಲ ಬಿಟ್ಟಿತು! ಬೇಲುಗಳು ಎರಡು ಸಾಲಾಗಿ ಮುಂದಕ್ಕೆ ಚಾಚಿದ್ದವು. ಇಂಥ ಗಾಡಿಗೆ ಬರೆದ ತೂಕ, ಹೊರೆಯ ನಡುಮಧ್ಯ ಫೋರ್ಕಿನ ಬುಡದಿಂದ 500 ಮಿಲಿಮೀಟರಿನೊಳಗೆ ಇದ್ದರಷ್ಟೇ ಸರಿ. ದೂರ ಹೋದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ.

"ವೆನಕ ಎಕ್ಕಂಡ್ರಾ" ಎಂದು ಡ್ರೈವರ್ ಇಬ್ಬರು ಹಮಾಲರನ್ನು ಹಿಂದೆ ಹತ್ತಿಸಿದ. ಸರೀಕರ ಜೀವವೇ ತೂಕದ ಕಲ್ಲಾಯಿತಲ್ಲ! ಆ ಗಾಡಿ ತಿರುಗೋದೇ ಹಿಂಗಾಲಿಯಿಂದ. ಅದು ಎದ್ದರೆ ಹಿಡಿತ ತಪ್ಪಿತು, ಜಾರಿದವನು ಗಾಲಿಯಡಿ. "ಬ್ಯಾಡಪ್ಪಾ, ಇಳೀರಿ" ಅಂದೆ. ನಕ್ಕರು. ಮುಕದ್ದಮ ಬಂದು ಬೈದು ಮುಂದಿನ ಸಾಲಿನ ನಾಲ್ಕು ಬೇಲು ತೆಗೆಸಿದ ಮೇಲೆ ಗಾಡಿ ಸಲೀಸಾಗಿ ಲಾರಿ ಕಡೆ ಹೊರಟಿತು.