ಪಾಪಾಸುಕಳ್ಳಿ ಕಲಿಸಿದ ಪಾಠ

ಹೊಲಕ್ಕೆ ಹೋದವರು ಮೊದಲು ಪೈರನ್ನು ನೋಡುವರು. ಆದರೆ ಪೈರು ಒಂಟಿಯಾಗಿ ಬಾಳತಕ್ಕದ್ದಲ್ಲ. ಮಣ್ಣು, ನೀರು, ಗಾಳಿ, ಬಿಸಿಲು, ಗಿಡಗಂಟಿ, ಹುಳುಹುಪ್ಪಟೆ, ಪಶುಪಕ್ಷಿ ಇವೆಲ್ಲವೂ ಒಂದನ್ನೊಂದು ಆಶ್ರಯಿಸಿಕೊಂಡಿರುವುವು. ಈ ಸಮುದಾಯಕ್ಕೆ ಪರಿಸರವೆಂತಲೂ, ಇವುಗಳ ಪರಸ್ಪರ ಸಂಬಂಧವನ್ನು ವಿಚಾರಿಸುವ ಶಾಸ್ತ್ರಕ್ಕೆ ಪರಿಸರ ಶಾಸ್ತ್ರವೆಂತಲೂ ಹೆಸರು.

ಭತ್ತವನ್ನು ಇಲಿ ತಿನ್ನುವುದು. ಇಲಿಯನ್ನು ಕೆರೆಹಾವು ಹಿಡಿಯುವುದು. ಹಾವನ್ನು ಹದ್ದು ಒಯ್ಯುವುದು. ಇದಕ್ಕೆ ಆಹಾರ ಸರಪಳಿಯೆನ್ನುವರು. ಒಂದು ಜೀವಿಯನ್ನು ತಿಂದು ಅದರ ಸಂಖ್ಯೆಯನ್ನು ಮಿತಿಯಲ್ಲಿಡುವ ಮತ್ತೊಂದು ಜೀವಿಯು ಅದರ ಸಹಜ ಶತ್ರು. ಹೀಗೆ ಯಾವುದೊಂದೂ ಮಿತಿಮೀರದಂತೆ ಇರುವ ಸ್ಥಿತಿಯೇ ಸಮತೋಲ. ಸರಪಳಿಯ ಒಂದು ಕೊಂಡಿ ಕಳಚಿದರೆ ಆಗುವ ಹಾನಿಯನ್ನು ನಮ್ಮ ಸೀಮೆಯ ಹಿರಿಯರು ಪಾಪಾಸುಕಳ್ಳಿಯಿಂದ ಕಂಡುಕೊಂಡರು.

ಈ ಕಳ್ಳಿ ನಮ್ಮ ದೇಶದ್ದಲ್ಲ. ಅಮೆರಿಕಾ ಖಂಡದಿಂದ ಬಂದದ್ದು. ಅಲ್ಲಿ ಅದನ್ನು ತಿನ್ನುವ ಕೀಟಗಳುಂಟು, ಇಲ್ಲಿ ಇರಲಿಲ್ಲ. 1795ರಲ್ಲಿ ಕೆಂಪು ಬಣ್ಣ ತೆಗೆಯುವ ಉದ್ದೇಶದಿಂದ ಬ್ರೆಜಿಲ್ ದೇಶದಿಂದ ಕಾಚಿನಿಯಲ್ ಎಂಬ ಕೀಟವನ್ನು ಬಂಗಾಳಕ್ಕೆ ತರಿಸಿದರು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಾಗಿರಲಿಲ್ಲ. ಆದರೂ ಅದು ಒಂದು ಜಾತಿಯ ಕಳ್ಳಿಯನ್ನು ತಿಂದು ಬಹುಮಟ್ಟಿಗೆ ನಾಶಪಡಿಸಿತು. ದಕ್ಷಿಣದಲ್ಲಿ ಹಬ್ಬಿದ್ದ ಮತ್ತೊಂದು ಜಾತಿಯ ಕಳ್ಳಿಯನ್ನು ಮಾತ್ರ ಅದು ಮುಟ್ಟಲಿಲ್ಲ. ಹೀಗಾಗಿ ಗೋಮಾಳವೂ ಬೀಳುಭೂಮಿಯೂ ಮುಳ್ಳಿನ ಪಾಲಾದುವು. ಕಡಿದು ಎಸೆದ ತುಂಡೂ ಬೇರೂರಿ ಚಿಗುರುತ್ತಿದ್ದುದರಿಂದ ಕಡಿಯುವ ಶ್ರಮವೂ ವ್ಯರ್ಥವಾಗುತ್ತಿತ್ತು. ಕೊನೆಗೆ 1926ರಲ್ಲಿ ಸಿಂಹಳದಿಂದ ಕಾಚಿನಿಯಲ್ ಕೀಟದ ಬೇರೊಂದು ಜಾತಿಯನ್ನು ತಂದು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ವಿಸ್ತಾರವಾದ ಭೂಮಿ ಕಳ್ಳಿಯಿಂದ ಮುಕ್ತವಾಯಿತು. ಕೊಡಲಿಯಿಂದ ಆಗದ ಕೆಲಸವನ್ನು ಸಣ್ಣ ಹುಳು ಮಾಡಿತು.

ಇದು ಹಳೆಯ ಕಥೆಯೆಂದು ಉಪೇಕ್ಷಿಸಲಾಗದು. 2008ರಲ್ಲಿ ಕೊಯಮತ್ತೂರಿನ ಸೀಮೆಯಲ್ಲಿ ಪರಂಗಿಯ ಹಿಟ್ಟುತಿಗಣೆ ಕಾಣಿಸಿಕೊಂಡಿತು. ಇದರ ಮೂಲಸ್ಥಾನ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕಾ. ಅದು ಪರಂಗಿ, ಹಿಪ್ಪುನೇರಳೆ, ಮರಗೆಣಸು ಮುಂತಾದ ಬೆಳೆಗಳಿಗೆ ಬಿದ್ದು ಕರ್ನಾಟಕಕ್ಕೂ ಹಬ್ಬಿತು. ಮೈಮೇಲೆ ಮೇಣದಂಥ ಬಿಳಿಯ ಹೊದಿಕೆ ಇರುವುದರಿಂದ ಔಷಧವು ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಹಿಪ್ಪುನೇರಳೆಗೆ ವಿಷ ಹೊಡೆದರೆ ರೇಷ್ಮೆಹುಳುವಿಗೇ ಅಪಾಯ. ಆಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯು 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ಅದರ ಸಹಜ ಶತ್ರುಗಳಾದ ಮೂರು ಜಾತಿಯ ಪರೋಪಜೀವಿ ಕಣಜಗಳನ್ನು ತರಿಸಿ, ಪರೀಕ್ಷಿಸಿ, ವೃದ್ಧಿಪಡಿಸಿ ಹಂಚಿತು. ಈ ಅತಿ ಸಣ್ಣ ಕಣಜವು ತಿಗಣೆಯ ಒಡಲಲ್ಲಿ ಮೊಟ್ಟೆಯಿಡುವುದು. ಮರಿಯು ಒಳಗಿನಿಂದ ಅದನ್ನು ತಿಂದು ಮುಗಿಸುವುದು. ಹಿಟ್ಟುತಿಗಣೆಯ ಹಾವಳಿ ಬೇಗನೆ ತಗ್ಗಿತು.

ಇದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಗ್ರಹಿಸತಕ್ಕ ಅಂಶಗಳು ನಾಲ್ಕು.

ಮೊದಲನೆಯದು: ಹೊಲದ ಹುಳುಗಳೆಲ್ಲವೂ ವೈರಿಗಳಲ್ಲ. ಗುಲಗಂಜಿ ಹುಳು, ಜೇಡ, ಕಪ್ಪೆ, ಗೂಬೆ ಇವು ರೈತನಿಂದ ಕೂಲಿ ಕೇಳದ ಆಳುಗಳು.

ಎರಡನೆಯದು: ಬೇಕಾಬಿಟ್ಟಿಯಾಗಿ ವಿಷ ಸಿಂಪಡಿಸಿದರೆ ಮಿತ್ರಕೀಟಗಳೂ ಸಾಯುವುವು. ಬಳಿಕ ಉಳಿದ ವೈರಿಕೀಟಕ್ಕೆ ತಡೆಯೇ ಇಲ್ಲದೆ ಅದು ಮೊದಲಿಗಿಂತ ಹೆಚ್ಚಾಗಿ ವೃದ್ಧಿಯಾಗಬಹುದು.

ಮೂರನೆಯದು: ಪರದೇಶದ ಗಿಡವನ್ನಾಗಲಿ ಕೀಟವನ್ನಾಗಲಿ ಯಾರೂ ಸ್ವಂತ ಇಚ್ಛೆಯಿಂದ ತರಕೂಡದು. ಸಹಜ ಶತ್ರುವನ್ನು ತರುವಾಗಲೂ ಅದು ಬೇರೆ ಬೆಳೆಯನ್ನು ತಿನ್ನುವುದಿಲ್ಲವೆಂದು ಪರೀಕ್ಷೆಯಾಗಬೇಕು. ಅದು ತಜ್ಞರ ಕೆಲಸ.

ನಾಲ್ಕನೆಯದು: ಊರಿನಲ್ಲಿ ಹಿಂದೆ ಕಾಣದ ಕಳೆಯೋ ಹುಳುವೋ ತೋರಿದ ಕೂಡಲೇ ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು. ಹತ್ತು ಗಿಡದಲ್ಲಿದ್ದಾಗ ಅಡಗಿಸುವುದು ಸುಲಭ. ಹತ್ತು ಊರಿಗೆ ಹಬ್ಬಿದ ಮೇಲೆ ಕಷ್ಟ.

ಭೂಮಿಯ ಪಟ್ಟೆ ಒಬ್ಬನ ಹೆಸರಿನಲ್ಲಿರಬಹುದು. ಆದರೆ ಹುಳುವೂ ಬೀಜವೂ ಬದುವನ್ನು ಲೆಕ್ಕಿಸುವುದಿಲ್ಲ. ಆದಕಾರಣ ಪರಿಸರದ ರಕ್ಷಣೆ ಒಬ್ಬೊಬ್ಬರಿಂದ ಆಗುವ ಕಾರ್ಯವಲ್ಲ. ಊರಿಗೆ ಊರೇ ಕೂಡಿ ಮಾಡಿದಲ್ಲಿ ಮಾತ್ರ ಅದರ ಫಲ ಎಲ್ಲರಿಗೂ ದೊರೆಯುವುದು.